ಸಭಾಂಗಣದ ನಾದ: ಅಂತಿಮ ತೀರ್ಪು ಕಿವಿಯದ್ದೇ

ಸಂಗೀತ ಸಭಾಂಗಣದ ಧ್ವನಿಯನ್ನು ಅಳೆಯಲು ಉಪಕರಣಗಳಿವೆ. ಆದರೆ ಅದರ ಗುಣವನ್ನು ನಿರ್ಣಯಿಸುವವರು ಕೇಳುಗರು. ಅಳತೆ ಮತ್ತು ಅನುಭವ ಹೊಂದಿಕೆಯಾಗದಿದ್ದರೆ ತೆರಬೇಕಾದ ಬೆಲೆ ಎಷ್ಟೆಂಬುದಕ್ಕೆ ನ್ಯೂಯಾರ್ಕ್ ನಗರದ ಫಿಲ್‌ಹಾರ್ಮೋನಿಕ್ ಹಾಲ್ ನಿದರ್ಶನ.

ಅಳತೆಯ ಆರಂಭ: ಧ್ವನಿಯ ಮೂಲ ನಿಂತ ನಂತರವೂ ನಾದ ಒಳಗೆ ಉಳಿಯುವುದನ್ನು ಅನುರಣನ ಎನ್ನುತ್ತಾರೆ. ಧ್ವನಿಮಟ್ಟ 60 ಡೆಸಿಬಲ್ ಇಳಿಯಲು ಹಿಡಿಯುವ ಸಮಯವೇ ಅನುರಣನ ಕಾಲ. ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸೇಬಿನ್ 1895ರಲ್ಲಿ ಇದರ ಅಧ್ಯಯನ ಆರಂಭಿಸಿದರು. ಅವರ ಸಲಹೆಯಂತೆ ನಿರ್ಮಾಣಗೊಂಡ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ಉದ್ಘಾಟನೆಯಾಯಿತು.

ಕೇಳುಗರ ಮಾನದಂಡ: ಅಮೆರಿಕದ ಧ್ವನಿತಜ್ಞ ಲಿಯೊ ಬೆರಾನೆಕ್ ವಾದ್ಯವೃಂದ ನಿರ್ದೇಶಕರು ಹಾಗೂ ವಿಮರ್ಶಕರನ್ನು ಸಂದರ್ಶಿಸಿ, 54 ಸಭಾಂಗಣಗಳ ವಿವರವುಳ್ಳ ಗ್ರಂಥವನ್ನು 1962ರಲ್ಲಿ ಪ್ರಕಟಿಸಿದರು. ಸ್ವರಗಳ ಸ್ಪಷ್ಟತೆ, ವಾದಕರು ಹತ್ತಿರದಲ್ಲೇ ಇದ್ದಾರೆಂಬ ಭಾವನೆ, ಮಂದ್ರ ಸ್ವರಗಳ ತುಂಬುತನ ಮುಂತಾದವು ಅವರು ಗುರುತಿಸಿದ ಗುಣಗಳು. ಅವರ ಅಧ್ಯಯನಗಳಲ್ಲಿ ಅಗ್ರಸ್ಥಾನ ಪಡೆದ ವಿಯೆನ್ನಾ (1870), ಆಮ್‌ಸ್ಟರ್‌ಡ್ಯಾಮ್ (1888) ಹಾಗೂ ಬಾಸ್ಟನ್ ಸಭಾಂಗಣಗಳು ಆಯತಾಕಾರದವು. ಸಭಿಕರು ತುಂಬಿರುವಾಗ ಇವುಗಳ ಅನುರಣನ ಕಾಲ ಸುಮಾರು 2 ಸೆಕೆಂಡ್. ಪಕ್ಕದ ಗೋಡೆಗಳಿಂದ ಮರಳುವ ಧ್ವನಿ ಎರಡೂ ಕಿವಿಗಳಿಗೆ ಭಿನ್ನವಾಗಿ ತಲುಪುವುದನ್ನು ಕೇಳುಗರು ಮೆಚ್ಚುತ್ತಾರೆ ಎಂಬುದನ್ನು ಜರ್ಮನಿಯ ಗೋಟಿಂಗನ್ ವಿಜ್ಞಾನಿಗಳು 1974ರಲ್ಲಿ ತೋರಿಸಿದರು.

ನ್ಯೂಯಾರ್ಕ್ ಪಾಠ: ಬೆರಾನೆಕ್ ಅವರೇ ಸಲಹೆಗಾರರಾಗಿದ್ದ ಫಿಲ್‌ಹಾರ್ಮೋನಿಕ್ ಹಾಲ್ 1962ರಲ್ಲಿ ಆರಂಭವಾಯಿತು. ಆಸನ ಹೆಚ್ಚಿಸುವ ಒತ್ತಡದಿಂದ ಮೂಲ ವಿನ್ಯಾಸ ಬದಲಾಗಿತ್ತು. ಮಂದ್ರ ಸ್ವರಗಳು ಕ್ಷೀಣವಾಗಿವೆ ಎಂಬ ದೂರುಗಳು ಕೇಳಿಬಂದವು. 1976ರಲ್ಲಿ ಒಳಭಾಗವನ್ನು ಕೆಡವಿ ಮರುನಿರ್ಮಿಸಿದರೂ ಅಸಮಾಧಾನ ತಣಿಯಲಿಲ್ಲ. ಸುಮಾರು 55 ಕೋಟಿ ಡಾಲರ್ ವೆಚ್ಚದಲ್ಲಿ ನವೀಕರಣಗೊಂಡು 2022ರಲ್ಲಿ ಡೇವಿಡ್ ಗೆಫೆನ್ ಹಾಲ್ ಹೆಸರಿನಲ್ಲಿ ಮತ್ತೆ ತೆರೆದಾಗ ಆಸನಗಳನ್ನು 2,738ರಿಂದ ಸುಮಾರು 2,200ಕ್ಕೆ ಇಳಿಸಲಾಗಿತ್ತು.

ಅಭಿರುಚಿಯ ಭೇದ: ಫಿನ್ಲೆಂಡ್‌ನ ಆಲ್ಟೊ ವಿಶ್ವವಿದ್ಯಾಲಯದ ಟಾಪಿಯೊ ಲೋಕ್ಕಿ ತಂಡ, ವೇದಿಕೆಯಲ್ಲಿ ವಾದಕರ ಬದಲು ಧ್ವನಿವರ್ಧಕಗಳನ್ನಿರಿಸಿ ಹಲವು ಸಭಾಂಗಣಗಳಲ್ಲಿ ಅಳತೆ ಮಾಡಿತು. ಅದರ ಆಧಾರದ ಮೇಲೆ ಒಂದೇ ಸಂಗೀತವನ್ನು ಆಯಾ ಸಭಾಂಗಣದ ನಾದದಲ್ಲಿ ಪ್ರಯೋಗಾಲಯದಲ್ಲಿ ಕೇಳಿಸಿತು. ಕೇಳುಗರು ಎರಡು ಗುಂಪಾದರು. ಒಂದು ಗುಂಪು ಸ್ಪಷ್ಟತೆಯನ್ನು ಬಯಸಿದರೆ, ಮತ್ತೊಂದು ಸುತ್ತಲೂ ಆವರಿಸುವ ತುಂಬು ನಾದವನ್ನು ಮೆಚ್ಚಿತು.

ಆದ್ದರಿಂದ ಅನುರಣನ ಕಾಲವೊಂದನ್ನೇ ನೋಡಿ ಸಭಾಂಗಣವನ್ನು ಶ್ರೇಷ್ಠವೆನ್ನಲಾಗದು. ಯಾವ ಸಂಗೀತ, ಯಾವ ಆಸನ, ಎಂತಹ ಕೇಳುಗ ಎಂಬುದೂ ಅಷ್ಟೇ ಮುಖ್ಯ.