ಹಿತ್ತಲಿನ ಹೂವಿಗೂ ಒಂದು ಚರಿತ್ರೆ

ಯುಗಾದಿಗೆ ಅಜ್ಜಿ ಮನೆಗೆ ಹೋಗಿದ್ದೆ. ಊರು ಮೊಸಳೆ, ಹಾಸನದ ಹತ್ತಿರ (ನಗಬೇಡಿ, ಊರಿನ ಹೆಸರೇ ಹಾಗೆ). ಹಿತ್ತಲ ತುಂಬ ಹೂವು. ಮಲ್ಲಿಗೆ, ಸಂಪಿಗೆ, ಎಲೆ ಉದುರಿದ ಕೊಂಬೆಯಲ್ಲಿ ದೇವಕಣಗಿಲೆ, ಬೇಲಿ ಮೇಲೆ ಕಾಗದದ ಹೂವು. ಬುಟ್ಟಿಗೆ ಕಾಗದದ ಹೂವು ಹಾಕಿದ್ದೇ ತಡ, ಅಜ್ಜಿ ಬೈದ್ರು. "ಅದು ದೇವ್ರಿಗೆ ಆಗಲ್ಲ ಕಣೋ, ಪರದೇಶದ್ದು. ದೇವಕಣಗಿಲೆ ಕಿತ್ಕೊಂಡ್ ಬಾ."

ತಮಾಷೆ ಇರೋದೇ ಇಲ್ಲಿ. ದೇವಕಣಗಿಲೆಯ ತವರು ಮೆಕ್ಸಿಕೋ, ಮಧ್ಯ ಅಮೆರಿಕದ ಕಡೆ. ಚೆಂಡುಹೂವಿನದೂ ಅದೇ. 1492ರಲ್ಲಿ ಕೊಲಂಬಸ್ ಅತ್ತ ಹೋದಮೇಲೆಯೇ ಇವು ಈ ಕಡೆಗೆ ಬಂದದ್ದು. ಕಾಗದದ ಹೂವು ಬ್ರೆಜಿಲ್‌ನದು. 1767ರಲ್ಲಿ ಫ್ರೆಂಚ್ ಸಸ್ಯಶಾಸ್ತ್ರಜ್ಞ ಕಾಮರ್ಸನ್ ರಿಯೊದಲ್ಲಿ ಅದನ್ನು ಸಂಗ್ರಹಿಸಿದ. ಬೋಗನ್‌ವಿಲ್ಲಾ ಅನ್ನೋ ಹೆಸರು ಆ ಯಾನದ ನಾಯಕನದು. ಗಂಡುವೇಷದಲ್ಲಿ ಕಾಮರ್ಸನ್ ಜೊತೆಗಿದ್ದ ಜಾನ್ ಬರೆ ಎಂಬ ಹೆಂಗಸೇ ಅದನ್ನು ಮೊದಲು ಕಂಡಿರಬೇಕು ಅನ್ನುವವರೂ ಇದ್ದಾರೆ.

ನಮ್ಮೂರಿನ ನಾಗೇಶ್ವರ, ಚೆನ್ನಕೇಶವ ಜೋಡಿ ಗುಡಿಗಳು ಹೊಯ್ಸಳರ ಕಾಲದವು. ಅಂದರೆ ಹತ್ತಿರ ಹತ್ತಿರ 800 ವರ್ಷ. ಹಳಗನ್ನಡ ಶಾಸನಗಳಲ್ಲಿ ದೇವರ ಹೂದೋಟಕ್ಕೆ ಭೂಮಿ ಬಿಟ್ಟ ಮಾತು ಬರುತ್ತದಲ್ಲ, ಆ ತೋಟಗಳಲ್ಲಿ ಮಲ್ಲಿಗೆ, ಸಂಪಿಗೆ ಇದ್ದಿರಬಹುದು. ದೇವಕಣಗಿಲೆ, ಚೆಂಡುಹೂವು ಖಂಡಿತ ಇಲ್ಲ. ಆ ಕೇಶವ ಇವನ್ನು ಮುಡಿಯೋದಕ್ಕೆ ಶುರುಮಾಡಿದ್ದೇ ಆಮೇಲೆ.

ಇಷ್ಟನ್ನೂ ಅಜ್ಜಿಗೆ ಒಪ್ಪಿಸಿದೆ.

"ಬಂದು ಎಷ್ಟು ವರ್ಷ ಆಯ್ತಂತೆ?"

"ಕೆಲವು ನೂರು ವರ್ಷ ಆಗಿರ್ಬೇಕು ಅಜ್ಜಿ."

"ಹಂಗಾದ್ರೆ ಊರೋರೇ ಆದ್ವು ಬಿಡು. ಆ ಬೇಲಿದು ನಿಮ್ಮ ಮಾವ ಮೊನ್ನೆ ಮೊನ್ನೆ ನರ್ಸರಿಯಿಂದ ತಂದಿದ್ದು."