ಹಕ್ಕಿ ಕಾಯ್ದವರು

ಪೂರ್ವ ಮೆಡಿಟರೇನಿಯನ್ನಿನ ಸೈಪ್ರಸ್ ದ್ವೀಪದಲ್ಲಿ ಬೇಸಿಗೆ ಬಂತೆಂದರೆ ಪೊದೆಗಳ ತುದಿಯಲ್ಲಿ ಕೂತು ಹಾಡುವ ಒಂದು ಹಕ್ಕಿ ಇದೆ. ಎದೆ ಹಳದಿ, ತಲೆ ಕಪ್ಪು, ಗಾತ್ರ ಗುಬ್ಬಿಗಿಂತ ತುಸು ದೊಡ್ಡದು. ಪಕ್ಷಿತಜ್ಞರು ಅದನ್ನು ಕಪ್ಪು ತಲೆಯ ಬಂಟಿಂಗ್ ಎನ್ನುತ್ತಾರೆ. ಯುರೋಪಿನಿಂದ ಹೊರಡುವ ಬಹುಪಾಲು ವಲಸೆ ಹಕ್ಕಿಗಳು ಆಫ್ರಿಕದ ಹಾದಿ ಹಿಡಿದರೆ, ಇದು ಮೂಡಣಕ್ಕೆ ತಿರುಗಿ ಭಾರತಕ್ಕೆ ಬರುತ್ತದೆ. ಶರತ್ಕಾಲದಲ್ಲಿ ಆ ದ್ವೀಪದ ಪಕ್ಷಿವೀಕ್ಷಕರು ದುರ್ಬೀನು ಹಿಡಿದು ಬಂದವರನ್ನೂ ಹೋದವರನ್ನೂ ಲೆಕ್ಕ ಹಾಕುತ್ತಿರುವಾಗ, ಅಲ್ಲಿಂದ ನಾಲ್ಕೂವರೆ ಸಾವಿರ ಕಿಲೋಮೀಟರಿಗೂ ಆಚೆ, ದಖ್ಖನ್ನಿನ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ ಮೇಲೇಳುತ್ತಿರುತ್ತದೆ. ಚಳಿಗಾಲ ಕಳೆಯಲು ಈ ಹಕ್ಕಿಗೆ ಬೇಕಾದದ್ದು ಅದೇ. ಅಲ್ಲಿ ಅದನ್ನು ಬೀಳ್ಕೊಟ್ಟವರ ಬಗ್ಗೆ ಪುಸ್ತಕಗಳಿವೆ. ಇಲ್ಲಿ ಅದನ್ನು ಎದುರುಗೊಂಡವರು ಯಾರು? ಮುದಗಲ್ಲು, ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಸೀಮೆಯಲ್ಲಿ ಪಕ್ಷಿವೀಕ್ಷಣೆಯ ಚರಿತ್ರೆಯನ್ನು ಜೋಳದ ಹೊಲದ ಅಟ್ಟಣಿಗೆಯಿಂದ ಆರಂಭಿಸಬೇಕು ಎಂಬುದು ನನ್ನ ವಾದ. ಕವಣೆ ಹಿಡಿದು ಹಕ್ಕಿ ಕಾಯುತ್ತಿದ್ದ ಹೆಂಗಸರು, ಮಕ್ಕಳು, ಮುದುಕರೇ ಇಲ್ಲಿನ ಮೊದಲ ವೀಕ್ಷಕರು.

ಈ ಕೆಲಸ ಎಂಥದೆಂದು ನೋಡಬೇಕು. ಹಸ್ತ, ಚಿತ್ತಿ ಮಳೆಯ ಹದ ನೋಡಿ ಬಿತ್ತಿದ ಬಿಳಿಜೋಳ ಮಾಗಿಯ ಚಳಿಯಲ್ಲಿ ತೆನೆ ಹಿರಿಯುತ್ತದೆ. ಕಾಳಿಗೆ ಹಾಲು ತುಂಬಿದ ದಿನದಿಂದ ಕೊಯ್ಲಿನವರೆಗೆ, ಅಂದರೆ ವಾರಗಟ್ಟಲೆ, ಹೊಲ ಕಾಯಬೇಕು. ಹಕ್ಕಿಗೆ ಹಸಿವು ಹೆಚ್ಚಿರುವುದು ಬೆಳಗಿನಲ್ಲಿ ಮತ್ತು ಇಳಿಹೊತ್ತಿನಲ್ಲಿ. ಆದ್ದರಿಂದ ಕಾಯುವವರು ಸೂರ್ಯನಿಗಿಂತ ಮೊದಲೇ ಅಟ್ಟಣಿಗೆ ಏರಬೇಕು, ಕತ್ತಲಾದ ಮೇಲೆ ಇಳಿಯಬೇಕು. ನಾಲ್ಕು ಕಂಬದ ಮೇಲೆ ಕಟ್ಟಿದ ಆ ಅಟ್ಟ ಆಳೆತ್ತರದ ಬೆಳೆಗಿಂತ ಮೇಲಿರುವುದರಿಂದ ಸುತ್ತಲಿನ ಹೊಲಗಳೆಲ್ಲ ಕಣ್ಣಿಗೆ ಬೀಳುತ್ತವೆ. ಯಾವ ಹಿಂಡು ಎಲ್ಲಿಂದ ಏಳುತ್ತದೆ, ಯಾವುದು ಒಂದು ಕಲ್ಲಿಗೆ ಚದುರಿ ಮತ್ತೆ ಅಲ್ಲೇ ಇಳಿಯುತ್ತದೆ, ಯಾವುದು ಹೊಲವನ್ನೇ ಬಿಟ್ಟು ಹೋಗುತ್ತದೆ, ಯಾವುದು ತೆನೆಗೆ ಬಂದದ್ದು, ಯಾವುದು ಹುಳಕ್ಕೆ ಬಂದದ್ದು: ಇಷ್ಟನ್ನು ತಿಳಿಯದವರಿಂದ ಬೆಳೆ ಉಳಿಯದು. ಗಿಳಿ ತೆನೆಯನ್ನೇ ಕತ್ತರಿಸುತ್ತದೆ; ಗುಬ್ಬಿ ಕಾಳು ಬಿಡಿಸುತ್ತದೆ; ಬೆಳೆಯ ಮೇಲೆ ತೂಗಾಡುತ್ತ ತಗ್ಗಿನಲ್ಲಿ ಹಾರುವ ಸೆಳೆವ ಕಾಳು ಮುಟ್ಟುವುದೇ ಇಲ್ಲ, ಅದಕ್ಕೆ ಬೇಕಾದದ್ದು ಮಿಡತೆ, ಇಲಿ, ಸಣ್ಣ ಹಕ್ಕಿ. ದಿನಕ್ಕೆ ಎರಡು ಹೊತ್ತು, ವರ್ಷವರ್ಷವೂ ಅದೇ ಜಾಗದಿಂದ, ಅದೇ ಋತುವಿನಲ್ಲಿ ನಡೆಯುವ ನೋಟವನ್ನು ಇಂದಿನ ವಿಜ್ಞಾನ ದೀರ್ಘಾವಧಿ ಅವಲೋಕನ ಎಂದು ಗೌರವದಿಂದ ಕರೆಯುತ್ತದೆ.

ಇದಕ್ಕೆ ಮೊದಲ ಆಕ್ಷೇಪ ತಟ್ಟನೆ ಬರುತ್ತದೆ: ಅದು ಹಕ್ಕಿ ಓಡಿಸುವ ಕೆಲಸ, ವೀಕ್ಷಣೆಗೆ ಬೇಕಾದ ನಿರ್ಮೋಹ ಅದರಲ್ಲಿ ಇಲ್ಲ. ಆದರೆ ನಿರ್ಮೋಹದಿಂದ ಶುರುವಾದ ಪಕ್ಷಿಜ್ಞಾನ ಜಗತ್ತಿನಲ್ಲಿ ಎಲ್ಲಿದೆ? ಮೆಡಿಟರೇನಿಯನ್ನಿನ ಅತಿ ದೊಡ್ಡ ದ್ವೀಪವಾದ ಸಿಸಿಲಿಯ ದೊರೆ ಎರಡನೆಯ ಫ್ರೆಡರಿಕ್ 13ನೇ ಶತಮಾನದಲ್ಲಿ ಲ್ಯಾಟಿನ್ನಿನಲ್ಲಿ ಬರೆದ ಗ್ರಂಥವನ್ನು ಯುರೋಪಿನ ಪಕ್ಷಿಶಾಸ್ತ್ರದ ಮೂಲಗಳಲ್ಲಿ ಒಂದೆಂದು ಎಣಿಸುತ್ತಾರೆ. ಹಕ್ಕಿಗಳ ವಲಸೆ, ಗೂಡು, ರೆಕ್ಕೆಯ ರಚನೆ ಎಲ್ಲವೂ ಅದರಲ್ಲಿವೆ, ಆದರೆ ಗ್ರಂಥದ ವಿಷಯ ಡೇಗೆಯನ್ನು ಬಿಟ್ಟು ಬೇಟೆಯಾಡುವುದು. ಅವನಿಗಿಂತ ಸುಮಾರು ನೂರು ವರ್ಷ ಮೊದಲು, ಈ ಸೀಮೆಯನ್ನೂ ಆಳುತ್ತಿದ್ದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಶ್ಯೇನವಿನೋದಕ್ಕೆ ಒಂದು ಭಾಗವನ್ನೇ ಮೀಸಲಿಟ್ಟ. ಹಕ್ಕಿಯನ್ನು ಹಿಡಿಯಲು, ಕೊಲ್ಲಲು, ಪಳಗಿಸಲು ನೋಡಿದ ಅರಸರ ನೋಟ ಶಾಸ್ತ್ರವಾಗುತ್ತದೆ. ಮಕ್ಕಳ ಅನ್ನ ಉಳಿಸಲು ನೋಡಿದ ರೈತ ಹೆಂಗಸಿನ ನೋಟ ಮಾತ್ರ ಯಾಕೆ ಶಾಸ್ತ್ರದ ಹೊರಗೆ ಉಳಿಯಬೇಕು? ಕವಣೆಕಲ್ಲು ಹೆಚ್ಚಿನ ಹಕ್ಕಿಗಳನ್ನು ಹೆದರಿಸಿ ಕಳಿಸುತ್ತಿತ್ತು, ಅಷ್ಟೆ. ಸೈಪ್ರಸ್ಸಿನಲ್ಲಾದರೋ ಅಂಟುಕಡ್ಡಿಗೆ ಸಿಕ್ಕ ಹಾಡುಹಕ್ಕಿಗಳನ್ನು ತಿನಿಸಾಗಿ ಮಾರುವ ಅಭ್ಯಾಸ ಕಾನೂನು ನಿಷೇಧಿಸಿದ ಮೇಲೂ ನಿಂತಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ದಾಖಲೆ ಎಲ್ಲಿದೆ? ಈ ಸೀಮೆಗೆ ಬರಹದ ಬಡತನವಿಲ್ಲ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರೇ ಇದೆ. 1915ರಲ್ಲಿ ಅದು ಬೆಳಕಿಗೆ ಬಂದ ಮೇಲೆಯೇ ‘ದೇವಾನಾಂಪ್ರಿಯ’ ಯಾರೆಂಬುದು ಖಚಿತವಾಯಿತು. ಅದೇ ಅಶೋಕ ಉತ್ತರದ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಜೀವಿಗಳ ಪಟ್ಟಿ ಕೊಡುತ್ತಾನೆ, ಗಿಳಿ, ಗೊರವಂಕದ ಜೊತೆ ಹಂಸ, ಚಕ್ರವಾಕಗಳೂ ಅಲ್ಲಿವೆ. ಮಸ್ಕಿಯ ಶಾಸನದಲ್ಲಿ ಹಕ್ಕಿಯ ಮಾತಿಲ್ಲ. ಮುದಗಲ್ಲಿನ ಕೋಟೆಗಾಗಿ ಬಹಮನಿಗಳು, ವಿಜಯನಗರದವರು, ಆದಿಲಶಾಹಿಗಳು ಕಾದಾಡಿದ ಕತೆ ತವಾರೀಖುಗಳಲ್ಲಿ ತುಂಬಿದೆ; ಕೆಲವೆಡೆ 50 ಗಜ ಅಗಲವಿರುವ, ನೀರು ತುಂಬಿದ ಅದರ ಕಂದಕದಲ್ಲಿ ಯಾವ ಹಕ್ಕಿ ಇಳಿಯಿತೆಂದು ಆಸ್ಥಾನದ ಲೇಖಕರು ಬರೆಯುವ ಗೋಜಿಗೆ ಹೋಗಲಿಲ್ಲ. ಕೃಷ್ಣೆಯ ನಡುಗಡ್ಡೆಯ ಜಲದುರ್ಗದ ಕತೆಯೂ ಅಷ್ಟೇ. ಆದರೆ ಬರಹವೊಂದೇ ದಾಖಲೆಯಲ್ಲ, ಪದವೂ ದಾಖಲೆ. ಎರೆ ನೆಲದ ಬಯಲಿನಲ್ಲಿ ಸುಮಾರು ಒಂದು ಮೀಟರ್ ಎತ್ತರಕ್ಕೆ ನಿಲ್ಲುತ್ತಿದ್ದ ದೊಡ್ಡ ಹಕ್ಕಿಗೆ ಕನ್ನಡದವರು ‘ಎರೆಭೂತ’ ಎಂದರು. ಅದರ ನೆಲೆ, ಗಾತ್ರ, ದೂರದಿಂದ ಕಂಡಾಗ ಹುಟ್ಟುವ ಬೆರಗು ಮೂರೂ ನಾಲ್ಕು ಅಕ್ಷರದಲ್ಲಿವೆ. ಮಾಗಿಯಲ್ಲಿ ಮೋಡದಂತೆ ಬಂದು ಹೊಲಕ್ಕೆ ಎರಗುವ ಗುಲಾಬಿ ಮೈಯ, ಕಪ್ಪು ತಲೆಯ ಕಬ್ಬಕ್ಕಿಯನ್ನು 19ನೇ ಶತಮಾನದ ಇಂಗ್ಲಿಷರು ‘ಜವಾರಿ ಬರ್ಡ್’ ಎಂದು ಬರೆದುಕೊಂಡರು. ಜವಾರಿ ಎಂದರೆ ಜೋಳ. ಹಕ್ಕಿಯನ್ನು ಬೆಳೆಯ ಹೆಸರಿನಿಂದ ಗುರುತಿಸುವ ಆ ಕ್ರಮ ಹೊಲ ಕಾಯುವವರದು. ಅದು ಬಂಗಲೆಯ ವರಾಂಡದಲ್ಲಿ ಹುಟ್ಟಿದ್ದಲ್ಲ.

ಆಚರಣೆಯೂ ಸಾಕ್ಷಿ ಹೇಳುತ್ತದೆ. ಎಳ್ಳಮಾಸಿಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಸಜ್ಜೆ ರೊಟ್ಟಿ, ಕಡುಬು, ಪಲ್ಲೆಗಳ ಚರಗವನ್ನು ಬೆಳೆಯ ನಡುವೆ ಚೆಲ್ಲುತ್ತಾರೆ. ಅದು ಭೂಮಿತಾಯಿಗೆ ಎಡೆ. ಆದರೆ ಹಕ್ಕಿ ಹೆಚ್ಚಿರುವ, ಜೋಳ ತೆನೆಗೆ ಬಂದ ಡಿಸೆಂಬರ್–ಜನವರಿಯ ಹೊಲದಲ್ಲಿ ಚೆಲ್ಲಿದ ಅನ್ನಕ್ಕೆ ಮೊದಲು ಬಾಯಿಡುವವರು ಯಾರೆಂದು ಚೆಲ್ಲುವವರಿಗೆ ತಿಳಿಯದ್ದೇನಲ್ಲ. ಹಕ್ಕಿಯೊಂದಿಗೆ ಹಗೆಯೊಂದೇ ಇದ್ದ ಜನ ಇಂಥ ಹಬ್ಬ ಮಾಡುತ್ತಿರಲಿಲ್ಲವೆಂದು ನಾನು ನಂಬುತ್ತೇನೆ. ಕಾಯುವುದು ಎಂಬ ಕ್ರಿಯಾಪದವೂ ಇಲ್ಲಿ ವಿಶೇಷ: ‘ಜೋಳ ಕಾಯುವುದು’ ಎಂದಂತೆಯೇ ‘ಹಕ್ಕಿ ಕಾಯುವುದು’ ಎಂದೂ ಅನ್ನುತ್ತೇವೆ. ಕಾಪಾಡುವ ಮಾತೂ ಎದುರುನೋಡುವ ಮಾತೂ ಅದೇ.

ಈ ನೋಟದ ಬುಡ ಅಲುಗಿದ್ದು ನೀರಿನಿಂದ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯತೊಡಗಿತು. ಎಡದಂಡೆ ಕಾಲುವೆ ಸಿಂಧನೂರಿನ ಜೋಳದ ನೆಲವನ್ನು ಭತ್ತದ ಗದ್ದೆಯಾಗಿಸಿತು, ಆಂಧ್ರದಿಂದ ಬಂದ ರೈತರ ‘ಕ್ಯಾಂಪು’ಗಳು ಎದ್ದವು. ಲಿಂಗಸುಗೂರಿನ ಕಡೆಗೆ ಆಮೇಲೆ ನಾರಾಯಣಪುರದ ಬಲದಂಡೆ ಕಾಲುವೆ ಬಂತು. ಒಣ ಹೊಲಗಳಲ್ಲೂ ತೊಗರಿ, ಹತ್ತಿ, ಸೂರ್ಯಕಾಂತಿಗಳು ಜೋಳದ ಜಾಗ ಹಿಡಿದವು. ನೀರು ಬಂದದ್ದರಿಂದ ಹಕ್ಕಿ ಹೆಚ್ಚಿತಲ್ಲವೇ ಎಂದು ಕೇಳುವವರಿದ್ದಾರೆ, ಅದು ನಿಜವೂ ಹೌದು. ಬಾತು, ಕೊಕ್ಕರೆ, ಗದ್ದೆಯ ಕೆಸರು ಕೆದಕುವ ಉದ್ದ ಕೊಕ್ಕಿನವು ಇವೆಲ್ಲಕ್ಕೂ ಹೊಸ ನೆಲೆ ಸಿಕ್ಕಿತು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಇಂದು ಜನ ದೂರದಿಂದ ಹೋಗುತ್ತಾರೆ. ಆದರೆ ನೀರಿನ ಹಕ್ಕಿಯ ಲಾಭವನ್ನು ಒಣ ಬಯಲಿನ ಹಕ್ಕಿಯ ನಷ್ಟಕ್ಕೆ ವಜಾ ಹಾಕಲಾಗದು. ಎರೆಭೂತ ಇಂದು ಕರ್ನಾಟಕದಲ್ಲಿ ಬೆರಳೆಣಿಕೆಗೆ ಇಳಿದು, ಸಿಂಧನೂರಿನಿಂದ ತುಂಗಭದ್ರೆ ದಾಟಿದರೆ ಸಿಗುವ ಸಿರುಗುಪ್ಪದ ಬಯಲಿಗೆ ಸೀಮಿತವಾಗಿದೆ. ಅದಕ್ಕೆ ಗದ್ದೆಯ ನೀರಿನಿಂದ ಯಾವ ಉಪಕಾರವೂ ಆಗಲಿಲ್ಲ.

ಹಕ್ಕಿ ಕಾಯುವುದು ಬಾಲ್ಯ ಕಳೆಯುವ ದುಡಿಮೆಯಾಗಿತ್ತು, ಅದು ಹೋದದ್ದೇ ಒಳ್ಳೆಯದು ಎಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಅಟ್ಟಣಿಗೆಯ ಮೇಲಿದ್ದ ಹುಡುಗಿ ಈಗ ಶಾಲೆಯಲ್ಲಿದ್ದಾಳೆ, ಅಲ್ಲೇ ಇರಬೇಕು. ಆದರೆ ಅವಳ ಅಜ್ಜಿ ಇನ್ನೂ ಬದುಕಿದ್ದಾಳೆ. ಯಾವ ಮಳೆಯ ಬೆನ್ನಿಗೆ ಯಾವ ಹಿಂಡು ಬರುತ್ತಿತ್ತು, ಯಾವುದಕ್ಕೆ ಏನೆಂದು ಹೆಸರಿತ್ತು ಎಂಬುದನ್ನು ಅವಳು ಹೇಳಬಲ್ಲಳು. ಬರೆದುಕೊಳ್ಳುವ ಕೆಲಸ ಮೊಮ್ಮಗಳದು, ಅವಳ ಶಾಲೆಯದು, ನಮ್ಮ ವಿಶ್ವವಿದ್ಯಾಲಯಗಳದು. ಸುತ್ತ ಜೋಳವೇ ಇಲ್ಲದ ಊರಿನಲ್ಲಿ ಒಬ್ಬ ರೈತ ಜೋಳ ಹಾಕಿದರೆ ಸೀಮೆಯ ಹಕ್ಕಿಯೆಲ್ಲ ಅವನ ಹೊಲಕ್ಕೇ ಬೀಳುತ್ತದೆ. ಮರುವರ್ಷ ಅವನೂ ಬಿಡುತ್ತಾನೆ. ಹಾಗಾಗಿ ಆ ಅಜ್ಜಿ ನೋಡಿದ್ದನ್ನು ಇನ್ನೊಮ್ಮೆ ನೋಡಿ ಕಲಿಯಲು ಹೊಲವೂ ಉಳಿಯುತ್ತಿಲ್ಲ.

ಉಳಿದ ಹೊಲಗಳಲ್ಲಿ ಬಂಟಿಂಗ್ ಈಗಲೂ ಮಾಗಿಯನ್ನು ಕಳೆಯುತ್ತದೆ. ಬಂದಾಗ ಗಂಡಿನ ತಲೆಯ ಕಪ್ಪು ಮಾಸಲು ಅಂಚಿನ ಗರಿಗಳ ಅಡಿಯಲ್ಲಿ ಅಡಗಿರುತ್ತದೆ. ಚಳಿ ಕಳೆದಂತೆ ಆ ಅಂಚು ಸವೆಯುತ್ತದೆ, ಫೆಬ್ರವರಿ–ಮಾರ್ಚಿನಲ್ಲಿ ಜೋಳ ಕಿತ್ತು ಕಣಕ್ಕೆ ತರುವ ಹೊತ್ತಿಗೆ ಕಪ್ಪು ಮೇಲೆ ಬರುತ್ತದೆ. ಸೈಪ್ರಸ್ಸಿನವರು ಏಪ್ರಿಲ್ಲಿನಲ್ಲಿ ಪೊದೆಯ ತುದಿಯಲ್ಲಿ ಕಾಣುವ ಕಪ್ಪು ತಲೆಯನ್ನು ಕಣ ಮಾಡುವವರು ಒಂದು ತಿಂಗಳು ಮೊದಲೇ ಕಂಡಿರುತ್ತಾರೆ.