ಸತ್ತ ಮೇಲೆ ಸಿಕ್ಕ ಕ್ಯಾನ್ಸರ್

ಪೋಸ್ಟ್‌ಮಾರ್ಟಂ ಅಂದರೆ ನಮ್ಮ ಹಳ್ಳಿಗಳಲ್ಲಿ ಮೊದಲು ನೆನಪಾಗುವುದು ಪೊಲೀಸರು. ಅಪಘಾತ, ಆತ್ಮಹತ್ಯೆ, ಕೊಲೆ. ನಾವು ವರದಿಗಾರರು ಆ ಪದವನ್ನು ಬಳಸುವುದೂ ಅಂಥ ಸುದ್ದಿಗಳಲ್ಲೇ. ಆದರೆ ಪೊಲೀಸರಿಗೆ ಸಂಬಂಧವೇ ಇಲ್ಲದ ಶವಪರೀಕ್ಷೆಯೂ ಒಂದಿದೆ. ಕಾಯಿಲೆಯಿಂದ ಆಸ್ಪತ್ರೆಯಲ್ಲಿ ತೀರಿಕೊಂಡವರ ದೇಹವನ್ನು ಮನೆಯವರ ಒಪ್ಪಿಗೆ ಪಡೆದು ವೈದ್ಯರು ಪರೀಕ್ಷಿಸುತ್ತಾರೆ. ತಾವು ಹೇಳಿದ ಕಾಯಿಲೆ ಸರಿಯಿತ್ತೇ ಎಂದು ಅವರು ತಮ್ಮನ್ನೇ ತೂಗಿಕೊಳ್ಳುವ ದಾರಿ ಇದು.

ಇಟಲಿಯ ಪಡುವಾ ನಗರದ ವೈದ್ಯ ಮೊರ್ಗಾಗ್ನಿ 1761ರಲ್ಲಿ ಇಂಥ ಸುಮಾರು 700 ಪ್ರಕರಣಗಳ ಗ್ರಂಥ ಪ್ರಕಟಿಸಿದರು. ರೋಗಿಗೆ ಇದ್ದ ತೊಂದರೆಯನ್ನೂ ದೇಹದೊಳಗೆ ಕಂಡದ್ದನ್ನೂ ಹೋಲಿಸಿ ಬರೆದರು. 1912ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ರಿಚರ್ಡ್ ಕ್ಯಾಬಟ್ ಎಂಬ ವೈದ್ಯರು 3,000 ಶವಪರೀಕ್ಷೆಗಳನ್ನು ಮುಂದಿಟ್ಟುಕೊಂಡು, ವೈದ್ಯರು ಎಲ್ಲೆಲ್ಲಿ ಎಡವಿದ್ದರು ಎಂಬುದನ್ನು ಬಹಿರಂಗವಾಗಿ ಬರೆದರು.

ಸ್ಕ್ಯಾನಿಂಗ್ ಬಂದ ಮೇಲೆ ಈ ತಪ್ಪುಗಳು ನಿಂತವೇ? ಬಾಸ್ಟನ್‌ನ ಒಂದು ಆಸ್ಪತ್ರೆಯಲ್ಲಿ 1960, 1970, 1980ರ ತಲಾ 100 ಶವಪರೀಕ್ಷೆಗಳನ್ನು ಹೋಲಿಸಿದರು. ಮೊದಲೇ ತಿಳಿದಿದ್ದರೆ ಬಹುಶಃ ಆಯಸ್ಸು ಹೆಚ್ಚಿಸಬಹುದಾಗಿದ್ದ ದೊಡ್ಡ ಕಾಯಿಲೆ ನೂರಕ್ಕೆ ಸುಮಾರು 10 ಜನರಲ್ಲಿ ತಪ್ಪಿಹೋಗಿತ್ತು. ಮೂರು ಕಾಲದಲ್ಲೂ ಲೆಕ್ಕ ಹೆಚ್ಚೂಕಡಿಮೆ ಅಷ್ಟೇ.

ಕ್ಯಾನ್ಸರ್ ಒಂದನ್ನೇ ಹಿಡಿದು ಲೆಕ್ಕ ಹಾಕಿದ್ದು ನ್ಯೂ ಆರ್ಲಿಯನ್ಸ್ ನಗರದ ವೈದ್ಯರು. 1986ರಿಂದ 1995ರವರೆಗಿನ 1,105 ಶವಪರೀಕ್ಷೆಗಳಲ್ಲಿ 225 ಜನರಲ್ಲಿ 250 ಕ್ಯಾನ್ಸರ್ ಸಿಕ್ಕವು. ಕೆಲವರಲ್ಲಿ ಒಂದಕ್ಕಿಂತ ಹೆಚ್ಚಿತ್ತು. ಈ ಪೈಕಿ 100 ಜನರಲ್ಲಿದ್ದ 111 ಕ್ಯಾನ್ಸರ್‌ಗಳು ಬದುಕಿದ್ದಾಗ ಗೊತ್ತೇ ಆಗಿರಲಿಲ್ಲ, ಇಲ್ಲವೇ ತಪ್ಪಾಗಿ ಗುರುತಾಗಿದ್ದವು.

ಹಾಗೆಂದು ಅಡಗಿದ ಕ್ಯಾನ್ಸರ್ ಎಲ್ಲವೂ ಕೊಲ್ಲುವುದಿಲ್ಲ. ಇದನ್ನು ಕಲಿಸಿದ್ದೂ ಶವಪರೀಕ್ಷೆಯೇ. 1935ರಲ್ಲಿ ಬಾಲ್ಟಿಮೋರ್‌ನ ಆರ್ನಾಲ್ಡ್ ರಿಚ್, 50 ದಾಟಿದ 292 ಗಂಡಸರ ಶವಪರೀಕ್ಷೆಗಳನ್ನು ನೋಡಿದರು. ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಲ್ಲಿ 41 ಜನರಿಗೆ ಕ್ಯಾನ್ಸರ್ ಇತ್ತು. ಬಹುಪಾಲು ಜನರಿಗೆ ಅದರ ಸುಳಿವೂ ಇರಲಿಲ್ಲ. ಇಂದು ವೈದ್ಯರು ಕೆಲವು ವಯಸ್ಸಾದವರಿಗೆ "ಈಗಲೇ ಆಪರೇಷನ್ ಬೇಡ, ಆಗಾಗ ತಪಾಸಣೆ ಮಾಡುತ್ತಿರೋಣ" ಎಂದು ಹೇಳುವುದರ ಹಿಂದೆ ಇಂಥ ತಿಳಿವಳಿಕೆ ಇದೆ.

ಈಗ ಇಂಥ ಶವಪರೀಕ್ಷೆಗಳೇ ತೀರಾ ಕಡಿಮೆಯಾಗಿವೆ. ಇದರ ನಷ್ಟ ವೈದ್ಯರಿಗಷ್ಟೇ ಅಲ್ಲ. ತಾಯಿಯ ಸಾವಿಗೆ ಹೃದಯಾಘಾತ ಎಂದು ಬರೆದು, ಒಳಗಿದ್ದದ್ದು ಕರುಳಿನ ಕ್ಯಾನ್ಸರ್ ಆಗಿದ್ದರೆ, ಮಕ್ಕಳು ತಪಾಸಣೆ ಮಾಡಿಸಿಕೊಳ್ಳಬೇಕೆಂಬ ಎಚ್ಚರಿಕೆಯೂ ಅವರೊಂದಿಗೇ ಮಣ್ಣಾಗುತ್ತದೆ.

ಒಪ್ಪುವುದು ಬಿಡುವುದು ಮನೆಯವರಿಗೆ ಸೇರಿದ್ದು. ದುಃಖದ ಹೊತ್ತಿನಲ್ಲಿ ಆ ನಿರ್ಧಾರ ಸುಲಭವೂ ಅಲ್ಲ. ಆದರೆ ವೈದ್ಯರು ಬಂದು ಕೇಳಿದರೆ, ಇದು ಪೊಲೀಸ್ ಕೇಸ್ ಎಂದು ಹೆದರಬೇಕಿಲ್ಲ.